ಬಾಟಲಿಯ ಹುಳಿ, ಹಾಲುಹಲ್ಲಿನ ಸವೆತ

ಮಗುವಿನ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳ ಹಿಂಬದಿಯನ್ನು ಯಾವತ್ತಾದರೂ ನೋಡಿದ್ದೀರಾ? ನಕ್ಕಾಗ ಕಾಣುವ ಬದಿಯಲ್ಲ, ನಾಲಿಗೆ ತಾಗುವ ಬದಿ. ಹೆಚ್ಚಿನವರು ನೋಡಿರುವುದಿಲ್ಲ. ಬಾಯಿ ತೆರೆಸಿ ಅಲ್ಲಿ ಇಣುಕುವ ಸಂದರ್ಭವೇ ಬಂದಿರುವುದಿಲ್ಲ. ಕೋಲಾ, ಆರೆಂಜ್, ನಿಂಬೆ ಸೋಡಾ, ಪ್ಯಾಕೆಟ್ ಜ್ಯೂಸ್‌ಗಳ ಹುಳಿ ಹಾಲುಹಲ್ಲನ್ನು ಸವೆಸಲು ಶುರುಮಾಡುವುದು ಸಾಮಾನ್ಯವಾಗಿ ಆ ಜಾಗದಿಂದಲೇ. ಅಲ್ಲಿ ಕಪ್ಪು ಚುಕ್ಕೆ ಬೀಳುವುದಿಲ್ಲ, ತೂತಾಗುವುದಿಲ್ಲ, ಬಹಳ ದಿನ ನೋವೂ ಇರುವುದಿಲ್ಲ. ಹಲ್ಲು ನುಣ್ಣಗಾಗುತ್ತ, ತೆಳ್ಳಗಾಗುತ್ತ ಹೋಗುತ್ತದೆ, ಅಷ್ಟೆ. ಮನೆಯವರ ಗಮನಕ್ಕೆ ಬರುವಷ್ಟರಲ್ಲಿ ಅಂಚು ಮುರಿದಿರುತ್ತದೆ, ಇಲ್ಲವೆ ಐಸ್‌ಕ್ರೀಮ್ ಬಾಯಿಗಿಟ್ಟ ಮಗು ಮುಖ ಕಿವುಚಿರುತ್ತದೆ.

ಇದನ್ನು ಹುಳುಕು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಹುಳುಕಿನಲ್ಲಿ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಹಲ್ಲಿಗೆ ಅಂಟಿದ ಪಾಚಿಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಂಥವು ನಾವು ತಿಂದ ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ತಾನಿರುವ ಜಾಗವನ್ನೇ ಕೊರೆಯುತ್ತದೆ. ಅದಕ್ಕೇ ಹುಳುಕು ಕಾಣಿಸುವುದು ಪಾಚಿ ನಿಲ್ಲುವ ಕಡೆ: ಹಲ್ಲುಗಳ ಸಂದಿಯಲ್ಲಿ, ದವಡೆಹಲ್ಲಿನ ಗುಂಡಿಗಳಲ್ಲಿ, ವಸಡಿನ ಅಂಚಿನಲ್ಲಿ. ಆಮ್ಲ ಸವೆತಕ್ಕೆ ಬ್ಯಾಕ್ಟೀರಿಯಾ ಬೇಕಾಗಿಲ್ಲ. ಆಮ್ಲ ಬಾಟಲಿಯಲ್ಲೇ ತಯಾರಾಗಿ ಬಂದಿರುತ್ತದೆ. ಪಾನೀಯ ಎಲ್ಲೆಲ್ಲಿ ಹರಡುತ್ತದೋ ಅಲ್ಲೆಲ್ಲ ಹಲ್ಲಿನ ಮೈ ತೆಳುವಾಗಿ ಕರಗುತ್ತದೆ. ಚೆನ್ನಾಗಿ ಹಲ್ಲುಜ್ಜುವ, ಒಂದೂ ಹುಳುಕಿಲ್ಲದ ಮಗುವಿಗೂ ಸವೆತ ಬರಬಹುದು. ಸಕ್ಕರೆಯಿಲ್ಲದ ಡಯಟ್ ಪಾನೀಯ ಕುಡಿದರೂ ಬರುತ್ತದೆ. ಅದರಲ್ಲಿ ತೆಗೆದಿರುವುದು ಸಕ್ಕರೆಯನ್ನು ಮಾತ್ರ, ಆಮ್ಲ ಇದ್ದಲ್ಲೇ ಇದೆ. ಮಾಮೂಲಿ ಕೋಲಾ ಎರಡು ಕಡೆಯಿಂದಲೂ ಹೊಡೆಯುತ್ತದೆ. 100 ಮಿಲಿಲೀಟರಿಗೆ 10 ಗ್ರಾಂ ಆಸುಪಾಸಿನ ಸಕ್ಕರೆ ಹುಳುಕಿಗೆ ಮೇವಾದರೆ, ಆಮ್ಲ ನೇರವಾಗಿ ಹಲ್ಲಿಗೇ ಕೈಹಾಕುತ್ತದೆ.

ಅಡುಗೆಮನೆಯ ಕಡಪ ಕಲ್ಲಿನ ಮೇಲೆ ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟವರಿಗೆ ಈ ರಸಾಯನಶಾಸ್ತ್ರ ಗೊತ್ತಿರುತ್ತದೆ. ರಸ ಒರೆಸಿದ ಮೇಲೂ ಅಲ್ಲೊಂದು ಮಂಕಾದ ಕಲೆ ಉಳಿಯುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದು ಕಲ್ಲಿಗೆ ಹತ್ತಿದ ಕಲೆಯಲ್ಲ, ಕಲ್ಲಿನ ಮೇಲ್ಮೈಯೇ ಕರಗಿ ಹೊಳಪು ಹೋಗಿರುವುದು. ಕಡಪ ಕಲ್ಲಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೋನೇಟ್, ಹಲ್ಲಿನಲ್ಲಿರುವುದು ಕ್ಯಾಲ್ಸಿಯಂ ಫಾಸ್ಫೇಟ್. ಹಲ್ಲು ಕಲ್ಲಿಗಿಂತ ನಿಧಾನವಾಗಿ ಕರಗುತ್ತದೆ, ಕರಗುವ ರೀತಿ ಮಾತ್ರ ಅದೇ.

ಹಲ್ಲಿನ ಹೊರಪದರವಾದ ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದ ಲೆಕ್ಕದಲ್ಲಿ ಅದರ ನೂರು ಪಾಲಿನಲ್ಲಿ ಸುಮಾರು 96 ಪಾಲು ಖನಿಜ. ಆ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಕಟ್ಟಿದ ಹರಳು. ಬಾಯಿಯಲ್ಲಿ ಹುಳಿಯಿಲ್ಲದಾಗ ಜೊಲ್ಲಿನಲ್ಲಿ ಇವೆರಡೂ ಬೇಕಾದಷ್ಟು ಇರುತ್ತವೆ, ಹಾಗಾಗಿ ಹರಳು ಸುಮ್ಮನಿರುತ್ತದೆ. ಆಮ್ಲ ಬಂದೊಡನೆ ಅದರ ಹೈಡ್ರೋಜನ್ ಅಯಾನುಗಳು ಹರಳಿನ ಫಾಸ್ಫೇಟನ್ನು ಹಿಡಿದೆಳೆಯುತ್ತವೆ, ಕಟ್ಟು ಸಡಿಲವಾಗಿ ಕ್ಯಾಲ್ಸಿಯಂ ಹೊರಬರುತ್ತದೆ. ಮೊದಲ ಹಂತದಲ್ಲಿ ಮೇಲಿನ ಕೆಲವು ಮೈಕ್ರೋಮೀಟರ್‌ಗಳಷ್ಟು ಪದರ ಮೆತ್ತಗಾಗುತ್ತದೆ. ಅಷ್ಟಕ್ಕೇ ನಿಂತರೆ ಜೊಲ್ಲಿನ ಖನಿಜ ಮತ್ತೆ ಅಲ್ಲಿ ಕೂತು ಒಂದು ಮಟ್ಟಿಗೆ ಗಟ್ಟಿಮಾಡುತ್ತದೆ. ಮೆತ್ತಗಾದ ಪದರ ಉಜ್ಜಿಹೋದರೆ, ಇಲ್ಲವೆ ಇನ್ನೊಂದು ಗುಟುಕು ಹುಳಿ ಬಂದು ಪೂರ್ತಿ ಕರಗಿದರೆ, ಹೋದದ್ದು ಹೋಯಿತು. ಎನಾಮೆಲ್ ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಕೆಲಸ ಮುಗಿಸಿ ಇಲ್ಲವಾಗಿರುತ್ತವೆ. ಮುರಿದ ಮೂಳೆ ಕೂಡುತ್ತದೆ, ಹೋದ ಎನಾಮೆಲ್ ಬೆಳೆಯುವುದಿಲ್ಲ.

ಎಷ್ಟು ಹುಳಿಯಾದರೆ ಹುಳಿ?

ಹುಳಿಯನ್ನು ಅಳೆಯುವ ಮಾನ ಪಿಎಚ್. ನೀರು 7, ಜೊಲ್ಲು ಆರೂವರೆಯಿಂದ ಏಳು, ಹಾಲು ಆರೂಮುಕ್ಕಾಲಿನ ಹತ್ತಿರ. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಹಲ್ಲಿನ ಖನಿಜ ಕರಗಲು ತೊಡಗುವ ಗಡಿ ಸುಮಾರು 5.5 ಎಂದು ದಂತವೈದ್ಯ ಪುಸ್ತಕಗಳು ಹೇಳುತ್ತವೆ. ಈಗ ಪಾನೀಯಗಳನ್ನು ನೋಡಿ. ಕಿತ್ತಳೆ ರಸ ಮೂರೂವರೆ ದಾಟಿ ನಾಲ್ಕರೊಳಗೆ, ಬಹುತೇಕ ಎನರ್ಜಿ ಡ್ರಿಂಕ್ ಮತ್ತು ನಿಂಬೆ ರುಚಿಯ ಸೋಡಾಗಳು ಮೂರರ ಆಸುಪಾಸು, ಕೋಲಾ ಎರಡೂವರೆ, ನಿಂಬೆರಸ ಎರಡರಿಂದ ಎರಡೂವರೆ. ಈ ಮಾನದಲ್ಲಿ ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ, ಎರಡು ಮೆಟ್ಟಿಲಿಗೆ ನೂರು ಪಟ್ಟು. ಅಂದರೆ 2.5ರ ಕೋಲಾದ ಆಮ್ಲೀಯತೆ 5.5ರ ಗಡಿಗಿಂತ ಸಾವಿರ ಪಟ್ಟು ಹೆಚ್ಚು. ನಾಲಿಗೆಗೆ ಇದು ಗೊತ್ತಾಗುವುದಿಲ್ಲ, ಸಕ್ಕರೆ ಅದನ್ನು ಮುಚ್ಚಿಹಾಕಿರುತ್ತದೆ. ಅಷ್ಟೇ ಹುಳಿಯ ನೀರನ್ನು ಸಕ್ಕರೆಯಿಲ್ಲದೆ ಕೊಟ್ಟರೆ ಯಾವ ಮಗುವೂ ಎರಡನೆಯ ಗುಟುಕು ಕುಡಿಯುವುದಿಲ್ಲ.

ಪಿಎಚ್ ಒಂದನ್ನೇ ನೋಡಿದರೆ ಮೊಸರಿನ ವಿಷಯದಲ್ಲಿ ಎಡವುತ್ತೇವೆ. ಮೊಸರಿನ ಪಿಎಚ್ ನಾಲ್ಕರಿಂದ ನಾಲ್ಕೂವರೆ, ಗಡಿಗಿಂತ ಚೆನ್ನಾಗಿಯೇ ಕೆಳಗೆ. ಆದರೂ ಮೊಸರು ಹಲ್ಲನ್ನು ಸವೆಸುವುದಿಲ್ಲ ಎಂದು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಕಾರಣ ಸರಳ: ಮೊಸರಿನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ತುಂಬಿಕೊಂಡಿವೆ, ಹಲ್ಲಿನಿಂದ ಇನ್ನಷ್ಟು ಕರಗಿಸಿಕೊಳ್ಳಲು ಅದಕ್ಕೆ ಜಾಗವಿಲ್ಲ. ಕರಗುವ ಗಡಿ ಎಲ್ಲ ದ್ರವಕ್ಕೂ ಒಂದೇ ಅಲ್ಲ, ದ್ರವದಲ್ಲಿ ಆಗಲೇ ಎಷ್ಟು ಖನಿಜವಿದೆ ಎನ್ನುವುದರ ಮೇಲೆ ಅದು ಮೇಲೆ ಕೆಳಗೆ ಸರಿಯುತ್ತದೆ. ಬೇಸಿಗೆಯಲ್ಲಿ ಮಗು 'ಏನಾದ್ರೂ ತಣ್ಣಗೆ ಕೊಡು' ಎಂದಾಗ ಕೊಡಲು ಹದವಾಗಿ ಕಡೆದ ಮಜ್ಜಿಗೆಗಿಂತ ಒಳ್ಳೆಯದು ನಮ್ಮಲ್ಲಿ ಇನ್ನೊಂದಿಲ್ಲ. ತೀರಾ ನೀರು ಮಾಡಿ ಮೇಲಿಂದ ನಿಂಬೆಹಣ್ಣು ಹಿಂಡಿದ್ದಲ್ಲ, ಮಜ್ಜಿಗೆ ಎನ್ನಿಸಿಕೊಳ್ಳುವ ಮಜ್ಜಿಗೆ.

ಹಣ್ಣಿನ ರಸದ್ದು ಇದಕ್ಕೆ ಉಲ್ಟಾ. ಪಿಎಚ್ ನೋಡಿದರೆ ಕಿತ್ತಳೆ ರಸ ಕೋಲಾಗಿಂತ ಸಾಧು. ಆದರೆ ಅದರಲ್ಲಿರುವ ಒಟ್ಟು ಆಮ್ಲದ ಪ್ರಮಾಣ ಹೆಚ್ಚು, ಜೊಲ್ಲು ಅದನ್ನು ತಟಸ್ಥಗೊಳಿಸಲು ಹೆಚ್ಚು ಹೆಣಗಬೇಕಾಗುತ್ತದೆ. ಮೇಲಾಗಿ ಅದರ ಸಿಟ್ರಿಕ್ ಆಮ್ಲಕ್ಕೆ ಇನ್ನೊಂದು ಚಾಳಿಯಿದೆ: ಕ್ಯಾಲ್ಸಿಯಂ ಅನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಹಲ್ಲಿಗೆ ಮರಳಲು ಬಿಡುವುದಿಲ್ಲ. 'ಕೋಲಾ ಕೊಡಲ್ಲ, ಜ್ಯೂಸ್ ಕೊಡ್ತೀವಿ' ಎನ್ನುವ ಮನೆಗಳಲ್ಲಿ ಇಡೀ ದಿನ ಸಿಪ್ಪರಿನಲ್ಲಿ ಜ್ಯೂಸ್ ಚೀಪುವ ಮಗುವಿನ ಹಲ್ಲು, ತಿಂಗಳಿಗೊಮ್ಮೆ ಕೋಲಾ ಕುಡಿಯುವ ಮಗುವಿನ ಹಲ್ಲಿಗಿಂತ ಕೆಟ್ಟಿರಲು ಸಾಕಷ್ಟು ಅವಕಾಶವಿದೆ. ಭಾರತೀಯ ಮಕ್ಕಳ ತಜ್ಞರ ಸಂಘ 2019ರಲ್ಲಿ ಕೊಟ್ಟ ಸಲಹೆ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಎರಡು ವರ್ಷದೊಳಗೆ ಹಣ್ಣಿನ ರಸವೇ ಬೇಡ, ಎರಡರಿಂದ ಐದು ವರ್ಷದವರೆಗೆ ಕೊಡಲೇಬೇಕೆಂದರೆ ದಿನಕ್ಕೆ 125 ಮಿಲಿಲೀಟರಿಗೆ ಮೀರದಂತೆ. ಹಣ್ಣನ್ನು ಹಣ್ಣಾಗಿಯೇ ತಿನ್ನಿಸಿದರೆ ಜಗಿಯುವಾಗ ಜೊಲ್ಲು ಸುರಿಯುತ್ತದೆ, ಆ ಜೊಲ್ಲೇ ಮದ್ದು.

ಒಂದು ಲೋಟ ಕೋಲಾದಲ್ಲಿ ಹಲ್ಲು ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಪೂರ್ತಿ ಕರಗಿರುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ನಿಜವಲ್ಲ. ಅದರ ಹಿಂದೆ ನಿಜವಾದ ಸಂಶೋಧನೆಯೊಂದಿದೆ ಎನ್ನುವುದು ನಿಜ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪೋಷಣಾ ವಿಜ್ಞಾನಿ ಕ್ಲೈವ್ ಮೆಕೇ, ಆಮ್ಲೀಯ ಪಾನೀಯಗಳು ಇಲಿಗಳ ದವಡೆಹಲ್ಲುಗಳನ್ನು ಹೇಗೆ ಸವೆಸುತ್ತವೆ ಎಂದು ಪರೀಕ್ಷಿಸಿ 1949ರಲ್ಲಿ ಪ್ರಕಟಿಸಿದರು. ಮರುವರ್ಷ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆಯೂ ಅದನ್ನೇ ಹೇಳಿದರು. ಕೋಲಾದಲ್ಲಿಟ್ಟ ಹಲ್ಲು ಮೆತ್ತಗಾಗುತ್ತದೆ ಎಂಬ ಅವರ ಮಾತು ಬಾಯಿಂದ ಬಾಯಿಗೆ ಬೆಳೆದು ದಂತಕಥೆಯಾಗಿರಬೇಕು. ಈ ಕಥೆ ಹೇಳಿ ಮಕ್ಕಳನ್ನು ಹೆದರಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಕೋಲಾ ಕುಡಿದ ಮರುದಿನ ಹಲ್ಲು ಇದ್ದಲ್ಲೇ ಇರುವುದನ್ನು ಮಗು ನೋಡುತ್ತದೆ, ಆಮೇಲೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಬಾಯಿ ಲೋಟವಲ್ಲ. ಅಲ್ಲಿ ಜೊಲ್ಲು ಹರಿಯುತ್ತಿರುತ್ತದೆ.

ಜೊಲ್ಲಿಗೆ ಪುರುಸೊತ್ತು ಕೊಡಬೇಕು

ಇಡೀ ವಿಷಯದ ತಿರುಳು ಇಲ್ಲೇ ಇದೆ. ಹಲ್ಲಿನ ಸವೆತದಲ್ಲಿ ಎಷ್ಟು ಕುಡಿದರು ಎನ್ನುವುದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಎನ್ನುವುದು ದೊಡ್ಡದು.

ಒಂದು ಗುಟುಕು ಹುಳಿ ಪಾನೀಯ ನುಂಗಿದ ಮೇಲೆ ಹಲ್ಲಿನ ಮೇಲೆ ಉಳಿದ ಆಮ್ಲವನ್ನು ಜೊಲ್ಲು ಕೆಲವೇ ನಿಮಿಷಗಳಲ್ಲಿ ತೊಳೆದು ಹಾಕುತ್ತದೆ. ಜೊಲ್ಲಿನ ಬೈಕಾರ್ಬೋನೇಟ್ ಆಮ್ಲವನ್ನು ಮುರಿಯುತ್ತದೆ, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮೆತ್ತಗಾದ ಪದರಕ್ಕೆ ಮರಳುತ್ತವೆ. ಜೊಲ್ಲಿನ ಪ್ರೋಟೀನುಗಳಿಂದಾದ ಅತಿ ತೆಳುವಾದ ಪೊರೆಯೊಂದು ಹಲ್ಲಿನ ಮೈಯನ್ನು ಸದಾ ಆವರಿಸಿದ್ದು, ಆಮ್ಲದ ಮೊದಲ ಹೊಡೆತವನ್ನು ತಡೆಯುತ್ತದೆ. ಊಟದ ಜೊತೆ ಒಂದು ಲೋಟ ಕುಡಿದು ಮುಗಿಸಿದ ಮಗುವಿನ ಬಾಯಿಯಲ್ಲಿ ಈ ದುರಸ್ತಿ ಒಂದೇ ಸಲ ನಡೆಯಬೇಕು, ನಡೆಯುತ್ತದೆ.

ಈಗ ದೂರದ ಬಸ್ ಪ್ರಯಾಣದಲ್ಲಿ ಕಿಟಕಿ ಪಕ್ಕ ಕೂತ ಐದು ವರ್ಷದ ಹುಡುಗನನ್ನು ಗಮನಿಸಿ. ಕೈಯಲ್ಲಿ ಸ್ಟಾಪಿನಲ್ಲಿ ಕೊಂಡ ಚಿಕ್ಕ ಬಾಟಲಿ. ಮುಚ್ಚಳ ತೆಗೆಯುತ್ತಾನೆ, ಒಂದು ಗುಟುಕು ಬಾಯಿಗೆ ಹಾಕಿಕೊಳ್ಳುತ್ತಾನೆ, ನುಂಗುವುದಿಲ್ಲ. ಕೆನ್ನೆ ಉಬ್ಬಿಸಿ, ಗುಳ್ಳೆ ಚುರುಚುರು ಎನ್ನುವುದನ್ನು ಅನುಭವಿಸುತ್ತ, ಮುಂದಿನ ಹಲ್ಲುಗಳ ಸಂದಿಯಿಂದ ಪಾನೀಯವನ್ನು ಒಳಗೆ ಹೊರಗೆ ಆಡಿಸುತ್ತಾನೆ. ನಾಲಿಗೆಯಿಂದ ಅಂಗುಳಿಗೆ ಒತ್ತಿ ಹಿಡಿಯುತ್ತಾನೆ. ಆಮೇಲೆ ನುಂಗಿ, ಮುಚ್ಚಳ ಹಾಕಿ, ಹೊರಗೆ ನೋಡುತ್ತಾನೆ. ಐದು ನಿಮಿಷಕ್ಕೆ ಮತ್ತೆ ಮುಚ್ಚಳ. ಇಳಿಯುವ ಊರು ಬಂದಾಗಲೂ ಬಾಟಲಿಯಲ್ಲಿ ಕಾಲು ಭಾಗ ಉಳಿದಿರುತ್ತದೆ. 'ಪಾಪ, ಜಾಸ್ತಿ ಏನೂ ಕುಡೀಲಿಲ್ಲ' ಎನ್ನುತ್ತಾರೆ ಅಮ್ಮ. ಕುಡಿದದ್ದು ಕಡಿಮೆಯೇ. ಆದರೆ ಜೊಲ್ಲು ಪ್ರತಿ ಸಲ ಕೆಲಸ ಮುಗಿಸುವ ಹೊತ್ತಿಗೆ ಹೊಸ ಹುಳಿ ಬಂದಿದೆ. ದಾರಿಯುದ್ದಕ್ಕೂ ಹಲ್ಲಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಕ್ಕಿಲ್ಲ.

ಮೇಲಿನ ಮುಂದಿನ ಹಲ್ಲುಗಳ ಹಿಂಬದಿಗೇ ಏಕೆ ಹೆಚ್ಚು ಪೆಟ್ಟು ಎನ್ನುವುದೂ ಇದರಿಂದ ತಿಳಿಯುತ್ತದೆ. ಪಾನೀಯ ನಿಲ್ಲುವುದು ಅಲ್ಲಿ, ನಾಲಿಗೆ ಉಜ್ಜುವುದು ಅಲ್ಲಿ, ಜೊಲ್ಲಿನ ಪದರ ತೀರ ತೆಳುವಾಗಿರುವುದೂ ಮೇಲಿನ ಮುಂದಿನ ಹಲ್ಲುಗಳ ಬಳಿಯೇ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಜೊಲ್ಲಿನ ಗ್ರಂಥಿಗಳ ಬಾಯಿಯೇ ತೆರೆದುಕೊಳ್ಳುವುದರಿಂದ ಅವು ಬಹುಮಟ್ಟಿಗೆ ಪಾರಾಗುತ್ತವೆ. ನಿದ್ದೆಯಲ್ಲಂತೂ ಜೊಲ್ಲು ಬಹುತೇಕ ನಿಂತೇಹೋಗುತ್ತದೆ. ಮಲಗುವಾಗ ನಿಪ್ಪಲ್ ಬಾಟಲಿಯಲ್ಲಿ ಜ್ಯೂಸ್ ಕೊಟ್ಟು ಮಗುವನ್ನು ಸುಮ್ಮನಾಗಿಸುವುದಕ್ಕಿಂತ ಕೆಟ್ಟ ಅಭ್ಯಾಸ ಈ ಲೇಖನದಲ್ಲಿ ಬೇರೊಂದು ಬರುವುದಿಲ್ಲ.

ಬ್ರಿಟನ್ನಿನಲ್ಲಿ ಮಕ್ಕಳ ದಂತ ಆರೋಗ್ಯದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸವೆತವನ್ನು ಮೊದಲ ಬಾರಿ ಅಳೆದದ್ದು 1993ರಲ್ಲಿ. ಐದು ವರ್ಷದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಹಾಲುಹಲ್ಲುಗಳಲ್ಲಿ ಅದು ಕಂಡುಬಂತು. ಅಲ್ಲಿ ಮಕ್ಕಳಿಗೆ ನೀರಿನ ಬದಲು ಹಣ್ಣಿನ ಶರಬತ್ತು ಬೆರೆಸಿ ಕೊಡುವುದು ಮನೆಮನೆಯ ರೂಢಿ. ನಮ್ಮಲ್ಲಿ ಹತ್ತಿಪ್ಪತ್ತು ರೂಪಾಯಿಯ ಬಾಟಲಿ, ಪ್ಯಾಕೆಟ್‌ಗಳು ಹಳ್ಳಿಯ ಪೆಟ್ಟಿಗೆ ಅಂಗಡಿಗೂ ತಲುಪಿ ಆ ರೂಢಿಯನ್ನು ಬೇರೆ ದಾರಿಯಿಂದ ತಂದಿವೆ.

'ಬಿದ್ದು ಹೋಗೋ ಹಲ್ಲು ತಾನೆ?'

ಮನೆಯಲ್ಲಿ ಅಜ್ಜಿಯೋ ಚಿಕ್ಕಪ್ಪನೋ ಈ ಪ್ರಶ್ನೆ ಕೇಳೇ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಉತ್ತರ ಸ್ವಲ್ಪ ಉದ್ದ.

ಹಾಲುಹಲ್ಲು ಒಟ್ಟು 20. ಮೊದಲನೆಯದು ಆರು ತಿಂಗಳ ಸುಮಾರಿಗೆ ಮೂಡುತ್ತದೆ, ಎರಡೂವರೆ ಮೂರು ವರ್ಷಕ್ಕೆ ಎಲ್ಲವೂ ಬಂದಿರುತ್ತವೆ. ಮುಂದಿನವು ಆರೇಳು ವರ್ಷಕ್ಕೆ ಉದುರಲು ತೊಡಗಿದರೂ ಹಿಂದಿನ ದವಡೆಯ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕಾದವು. ಎರಡನೆಯ ವಯಸ್ಸಿನಲ್ಲಿ ಬಂದ ಹಲ್ಲು ಹನ್ನೊಂದರವರೆಗೆ ರೊಟ್ಟಿ, ಚಕ್ಕುಲಿ ಜಗಿಯಬೇಕು. ಅದರ ಎನಾಮೆಲ್ ಮಾತ್ರ ಕಾಯಂ ಹಲ್ಲಿನದರ ಸುಮಾರು ಅರ್ಧದಷ್ಟೇ ದಪ್ಪ: ಒಂದು ಮಿಲಿಮೀಟರ್, ಹಲವೆಡೆ ಅದಕ್ಕೂ ಕಡಿಮೆ. ಎನಾಮೆಲಿನ ಕೆಳಗಿನ ಪದರವಾದ ಡೆಂಟಿನ್ ಕೂಡ ತೆಳು, ನರ ಮತ್ತು ರಕ್ತನಾಳಗಳಿರುವ ತಿರುಳು ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ಸವೆತವಾಗಲಿ ಹುಳುಕಾಗಲಿ ಮೇಲ್ಮೈಯಿಂದ ತಿರುಳಿಗೆ ಹೋಗುವ ದಾರಿ ತೀರ ಚಿಕ್ಕದು. ಎನಾಮೆಲ್ ತೆಳುವಾದ ಹಲ್ಲಿಗೆ ಹುಳುಕು ಹತ್ತಿದರೆ ಕೆಲಸ ಇನ್ನೂ ಬೇಗ ಕೆಡುತ್ತದೆ.

ತಿರುಳಿಗೆ ಸೋಂಕು ತಗುಲಿ ಬೇರಿನ ಬುಡದಲ್ಲಿ ಕೀವು ಕಟ್ಟಿದರೆ, ಅದರ ಕೆಳಗೇ ಬೆಳೆಯುತ್ತಿರುವ ಕಾಯಂ ಹಲ್ಲಿನ ಮೊಳಕೆಗೂ ಅದು ತಾಗಬಹುದು. ಆ ಹಲ್ಲು ಮುಂದೆ ಕಲೆಬಿದ್ದೋ ಗುಂಡಿಬಿದ್ದೋ ಹೊರಬರುತ್ತದೆ. ಟರ್ನರ್ ಹಲ್ಲು ಎಂದು ಅದಕ್ಕೆ ಹೆಸರೇ ಇದೆ. ದವಡೆಯ ಹಾಲುಹಲ್ಲನ್ನು ಹೊತ್ತಿಗೆ ಮುಂಚೆ ಕೀಳಬೇಕಾಗಿ ಬಂದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಕಾಯಂ ಹಲ್ಲು ಬರುವಾಗ ಜಾಗವಿಲ್ಲದೆ ಸೊಟ್ಟಗೆ ಬರುತ್ತದೆ. ಹದಿಮೂರನೇ ವಯಸ್ಸಿನಲ್ಲಿ ಹಾಕಿಸುವ ಕ್ಲಿಪ್ಪಿನ ಖರ್ಚು ಕೆಲವು ಸಲ ಐದನೇ ವಯಸ್ಸಿನಲ್ಲೇ ಶುರುವಾಗಿರುತ್ತದೆ.

ಇನ್ನೊಂದು ವಿಷಯ ತಂದೆತಾಯಿಗಳಿಗೆ ಗೊತ್ತೇ ಆಗುವುದಿಲ್ಲ. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಸಾಲಿನ ಕೊನೆಯಲ್ಲಿ, ಯಾವ ಹಲ್ಲೂ ಬೀಳದೆಯೇ, ಹೊಸ ದವಡೆಹಲ್ಲೊಂದು ಮೂಡುತ್ತದೆ. ಏನೂ ಬಿದ್ದಿಲ್ಲವಾದ್ದರಿಂದ ಅದೂ ಹಾಲುಹಲ್ಲೇ ಎಂದು ಮನೆಯವರು ಭಾವಿಸುತ್ತಾರೆ. ಅದು ಕಾಯಂ ಹಲ್ಲು, ಎಪ್ಪತ್ತು ವರ್ಷದವರೆಗೂ ಅದೇ ಇರಬೇಕು. ಹೊಸದಾಗಿ ಮೂಡಿದ ಹಲ್ಲಿನ ಎನಾಮೆಲ್ ಇನ್ನೂ ಪೂರ್ತಿ ಬಲಿತಿರುವುದಿಲ್ಲ, ಜೊಲ್ಲಿನ ಖನಿಜ ಹೀರಿಕೊಂಡು ಗಟ್ಟಿಯಾಗಲು ಕೆಲ ವರ್ಷ ಬೇಕು. ಐದರಲ್ಲಿ ಕಲಿತ ಬಾಟಲಿ ಚಟ ಆರರಲ್ಲಿ ಹಾಲುಹಲ್ಲು ಯಾವುದು, ಕಾಯಂ ಹಲ್ಲು ಯಾವುದು ಎಂದು ನೋಡಿ ಬಿಡುವುದಿಲ್ಲ.

ಅಂಗಡಿಯಲ್ಲಿ, ಜಾತ್ರೆಯಲ್ಲಿ, ಮನೆಯಲ್ಲಿ

ಬಾಟಲಿಯನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ನೀರು, ಸಕ್ಕರೆ ಆದಮೇಲೆ ಅಸಿಡಿಟಿ ರೆಗ್ಯುಲೇಟರ್ ಎಂದು ಬರೆದು ಆವರಣದಲ್ಲಿ ಒಂದು ಸಂಖ್ಯೆ ಇರುತ್ತದೆ. 330 ಎಂದರೆ ಸಿಟ್ರಿಕ್ ಆಮ್ಲ, 338 ಎಂದರೆ ಫಾಸ್ಫಾರಿಕ್ ಆಮ್ಲ, 296 ಎಂದರೆ ಮ್ಯಾಲಿಕ್ ಆಮ್ಲ. ಕೋಲಾದಲ್ಲಿ ಸಿಗುವುದು 338, ಕಿತ್ತಳೆ ಮತ್ತು ನಿಂಬೆ ರುಚಿಯವುಗಳಲ್ಲಿ 330. ಮಾವಿನ ಚಿತ್ರ ಹಾಕಿದ ಗುಳ್ಳೆಯಿಲ್ಲದ ಪಾನೀಯದ ಹಿಂದೆಯೂ 330 ಇದ್ದೇ ಇರುತ್ತದೆ. 'ಗ್ಯಾಸ್ ಇಲ್ಲ, ಅದಕ್ಕೆ ಪರವಾಗಿಲ್ಲ' ಎನ್ನುವ ತರ್ಕ ಇಲ್ಲಿ ಬೀಳುತ್ತದೆ. ನಿಜ ಹೇಳಬೇಕೆಂದರೆ ಗ್ಯಾಸಿನ ಕಾರ್ಬಾನಿಕ್ ಆಮ್ಲ ಇವುಗಳಲ್ಲೆಲ್ಲ ದುರ್ಬಲ. ಬರೀ ಸೋಡಾ ನೀರಿನಿಂದ ಆಗುವ ಹಾನಿ ಅಲ್ಪ, ಅದಕ್ಕೆ ಬೆರೆಸುವ ಹುಳಿಯೇ ಕೆಲಸ ಕೆಡಿಸುವುದು. ಎನರ್ಜಿ ಡ್ರಿಂಕ್ ಬಾಟಲಿಯ ಮೇಲಂತೂ ಮಕ್ಕಳಿಗೆ ಸೂಕ್ತವಲ್ಲ ಎಂದೇ ಮುದ್ರಿಸಿರುತ್ತಾರೆ, ಆದರೂ ಹೈಸ್ಕೂಲು ಹುಡುಗರ ಕೈಯಲ್ಲಿ ಅದು ಓಡಾಡುತ್ತಿರುತ್ತದೆ. ಶಾಲೆಯ ಆವರಣದಲ್ಲೂ ಗೇಟಿನಿಂದ 50 ಮೀಟರ್ ಸುತ್ತಲೂ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಪಾನೀಯ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ನಿಮ್ಮ ಮಗುವಿನ ಶಾಲೆಯ ಗೇಟಿನಿಂದ ಹೆಜ್ಜೆ ಎಣಿಸಿ ನೋಡಿ.

ಹಾಗಾದರೆ ನಮ್ಮ ಪಾನಕ, ಪುನರ್ಪುಳಿ ಶರಬತ್ತು, ಕಡ್ಡಿಗೆ ಮೆತ್ತಿದ ಹುಣಸೆ ಚಿಗಳಿ? ಅವೂ ಹುಳಿಯೇ. ಮನೆಯಲ್ಲಿ ಮಾಡಿದ ಮಾತ್ರಕ್ಕೆ ಆಮ್ಲ ಆಮ್ಲವಾಗದೆ ಇರುವುದಿಲ್ಲ. ಚಿಗಳಿಯನ್ನು ಚೀಪುತ್ತ ಕೂತರೆ ಹಲ್ಲು ಜುಮ್ಮೆನ್ನುವುದು ಎಲ್ಲರಿಗೂ ಗೊತ್ತಿರುವ ಅನುಭವ. ಆದರೆ ರಾಮನವಮಿಯ ಪಾನಕ ವರ್ಷಕ್ಕೊಮ್ಮೆ, ಚಿಗಳಿ ಹುಣಸೆಯ ಕಾಲದಲ್ಲಿ ನಾಲ್ಕು ದಿನ. ಫ್ರಿಜ್ಜಿನ ಬಾಗಿಲಲ್ಲಿ ವರ್ಷವಿಡೀ ನಿಂತಿರುವ ಎರಡು ಲೀಟರಿನ ಬಾಟಲಿಯ ಕಥೆ ಬೇರೆ. ನಾನಾದರೆ ಚಿಗಳಿಗೆ ರಿಯಾಯಿತಿ ಕೊಟ್ಟು ಬಾಟಲಿಯನ್ನು ಮೊದಲು ಆಚೆಗಿಡುತ್ತೇನೆ. ಎಳನೀರು ಇವುಗಳಿಗಿಂತ ಎಷ್ಟೋ ಸೌಮ್ಯ. ನೀರು ಮತ್ತು ಹಾಲಿಗೆ ತಕರಾರೇ ಇಲ್ಲ.

ಮದುವೆ, ಹುಟ್ಟುಹಬ್ಬಗಳಲ್ಲಿ ಪೂರ್ತಿ ಬೇಡವೆನ್ನುವುದು ಆಗದ ಮಾತು. ಆಗ ಮಾಡಬಹುದಾದದ್ದಿಷ್ಟು: ಊಟದ ಜೊತೆಗೇ ಕೊಡಿ, ಲೋಟಕ್ಕೆ ಸ್ವಲ್ಪವೇ ಹಾಕಿ, ಒಂದೇ ಸಲಕ್ಕೆ ಕುಡಿದು ಮುಗಿಸಲಿ, ಬಾಯಲ್ಲಿ ಆಡಿಸುವುದು ಬೇಡ. ಸ್ಟ್ರಾ ಕೊಡುವುದಾದರೆ ಅದರ ತುದಿ ಮುಂದಿನ ಹಲ್ಲು ದಾಟಿ ನಾಲಿಗೆಯ ಮೇಲಿರಬೇಕು. ತುಟಿಯಂಚಿನಲ್ಲಿ ಕಚ್ಚಿ ಹೀರಿದರೆ ಧಾರೆ ನೇರ ಹಲ್ಲಿಗೇ ಬೀಳುತ್ತದೆ, ಲಾಭವೇನೂ ಇಲ್ಲ. ತಣ್ಣಗಿದ್ದಷ್ಟೂ ಆಮ್ಲದ ಕೆಲಸ ನಿಧಾನ, ಹಾಗಾಗಿ ಬಿಸಿಲಲ್ಲಿ ಕಾದ ಬಾಟಲಿ ಇನ್ನೂ ಕೆಟ್ಟದ್ದು. ಕುಡಿದ ಮೇಲೆ ಎರಡು ಗುಟುಕು ನೀರು ಕುಡಿಸಿ ಬಾಯಿ ಮುಕ್ಕಳಿಸಲು ಹೇಳಿ.

ಹಲ್ಲುಜ್ಜುವ ವಿಷಯಕ್ಕೆ ಬಂದರೆ ಒಳ್ಳೆಯ ಅಭ್ಯಾಸವೇ ಅಡ್ಡ ಬರುತ್ತದೆ. ಪಾರ್ಟಿಯಿಂದ ಬಂದೊಡನೆ ಬ್ರಷ್ ಹಿಡಿಸುವ ತಂದೆತಾಯಿಗಳಿದ್ದಾರೆ. ಹುಳಿಯಿಂದ ಮೆತ್ತಗಾದ ಪದರದ ಮೇಲೆ ತಕ್ಷಣ ಬ್ರಷ್ ಆಡಿದರೆ ಅದು ಉಜ್ಜಿಹೋಗಬಹುದು ಎಂಬ ಕಾರಣಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ತಡೆಯಿರಿ ಎನ್ನುತ್ತಾರೆ ದಂತವೈದ್ಯರು. ಕಾಯುವುದರಿಂದ ಎಷ್ಟರ ಮಟ್ಟಿಗೆ ಉಪಯೋಗ ಎನ್ನುವ ಬಗ್ಗೆ ತಜ್ಞರಲ್ಲಿ ಚರ್ಚೆ ಇದ್ದೇ ಇದೆ. ಕಾಯಲಾಗದೆ ಮಗು ನಿದ್ದೆಗೆ ಜಾರುತ್ತಿದ್ದರೆ? ನನ್ನ ಪ್ರಕಾರ ನೀರು ಮುಕ್ಕಳಿಸಿ, ಮೃದುವಾದ ಬ್ರಷ್ಷಿನಿಂದ ಹಗುರವಾಗಿ ಉಜ್ಜಿಸಿಯೇ ಮಲಗಿಸುವುದು ಮೇಲು. ಜೊಲ್ಲಿಲ್ಲದ ರಾತ್ರಿಯಿಡೀ ಸಕ್ಕರೆ ಹಲ್ಲಿಗಂಟಿ ಕೂರುವುದು ಅದಕ್ಕಿಂತ ದೊಡ್ಡ ನಷ್ಟ.

ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ. ಅದು ಎನಾಮೆಲಿನ ಹರಳಿಗೆ ಸೇರಿಕೊಂಡು ಕರಗುವ ಗಡಿಯನ್ನು 4.5ರ ಹತ್ತಿರಕ್ಕೆ ಇಳಿಸುತ್ತದೆ. ಹುಳುಕಿನ ವಿರುದ್ಧ ಇದು ಭಾರಿ ರಕ್ಷಣೆ. ಆದರೆ ಎರಡೂವರೆಯ ಕೋಲಾಕ್ಕೆ ನಾಲ್ಕೂವರೆಯ ಗಡಿಯೂ ಅಡ್ಡಿಯಲ್ಲ, 'ಒಳ್ಳೆ ಪೇಸ್ಟ್ ಹಾಕ್ತೀವಲ್ಲ' ಎಂದು ನಿಶ್ಚಿಂತರಾಗುವಂತಿಲ್ಲ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ನುಂಗದಂತೆ ಉಗಿಯಲು ಕಲಿಸಬೇಕು. ಭಾರತದಲ್ಲಿ ಪೇಸ್ಟಿನ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಮೀರುವಂತಿಲ್ಲ, ಮಕ್ಕಳ ಪೇಸ್ಟುಗಳಲ್ಲಿ ಕೆಲವಕ್ಕೆ ಅದರ ಅರ್ಧವಿದ್ದರೆ ಕೆಲವಕ್ಕೆ ಏನೂ ಇರುವುದಿಲ್ಲ. ಕೊಳ್ಳುವಾಗ ಓದಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳದಂಥ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಅಲ್ಲಿಯವರು ಪೇಸ್ಟ್ ಆರಿಸುವ ಮುನ್ನ ವೈದ್ಯರನ್ನು ಕೇಳುವುದು ಒಳ್ಳೆಯದು. ಅಲ್ಲಿ ಮಕ್ಕಳ ಕಾಯಂ ಹಲ್ಲಿನಲ್ಲಿ ಕಾಣುವ ಸುಣ್ಣದ ಗೆರೆ, ಕಂದು ಮಚ್ಚೆಗಳು ಹಲ್ಲು ರೂಪುಗೊಳ್ಳುವಾಗಲೇ ಆದ ಫ್ಲೋರೋಸಿಸ್. ಅದನ್ನೂ ಆಮ್ಲ ಸವೆತವನ್ನೂ ಒಂದು ಮಾಡಬಾರದು.

ಪಾನೀಯವನ್ನೇ ಮುಟ್ಟದ ಮಗುವಿಗೆ ಸವೆತ ಕಂಡರೆ ಬೇರೆ ಕಡೆ ಹುಡುಕಬೇಕು. ಹೊಟ್ಟೆಯ ಆಮ್ಲ ಬಾಯಿಗೆ ಬರುವ ತೊಂದರೆ, ಪದೇ ಪದೇ ವಾಂತಿ, ಚೀಪುವ ವಿಟಮಿನ್ ಸಿ ಮಾತ್ರೆ, ಉಬ್ಬಸದ ಇನ್ಹೇಲರ್ ಇವೆಲ್ಲ ಪಟ್ಟಿಯಲ್ಲಿವೆ. ಇನ್ಹೇಲರ್ ನಿಲ್ಲಿಸುವ ಮಾತೇ ಇಲ್ಲ, ಪ್ರತಿ ಸಲ ಎಳೆದ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಮಕ್ಕಳಲ್ಲಿ ಹುಳಿಯ ಸವೆತಕ್ಕೆ ತಿಕ್ಕಾಟವೂ ಸೇರಿ ಎರಡರಷ್ಟಾಗುತ್ತದೆ.

ಇನ್ನು ಮೊದಲು ಹೇಳಿದ ಆ ಹಿಂಬದಿಯನ್ನು ನೋಡುವ ಕೆಲಸ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ ಮೊಬೈಲಿನ ಟಾರ್ಚ್ ಹಿಡಿಯಿರಿ. ಮೊದಲು ಮುಂದಿನ ಹಲ್ಲುಗಳ ಹಿಂಬದಿ: ಆರೋಗ್ಯವಂತ ಹಲ್ಲಿಗೆ ಸಣ್ಣ ಏರುತಗ್ಗು, ಹೊಳಪು ಇರುತ್ತದೆ. ಸವೆದದ್ದು ಸಪಾಟಾಗಿ, ರೇಷ್ಮೆಯ ಮಂಕು ಹೊಳಪಿನಿಂದ ಕೂಡಿರುತ್ತದೆ, ನಡುವೆ ಹಳದಿ ಇಣುಕುತ್ತಿದ್ದರೆ ಅದು ಒಳಗಿನ ಡೆಂಟಿನ್. ಆಮೇಲೆ ದವಡೆಹಲ್ಲಿನ ಶಿಖರಗಳು: ಚೂಪು ಹೋಗಿ ಅಲ್ಲಿ ಪುಟ್ಟ ಬಟ್ಟಲಿನಂಥ ಗುಳಿ ಬಿದ್ದಿದೆಯೇ ನೋಡಿ. ಹಳೆಯ ಸಿಮೆಂಟ್ ಇದ್ದರೆ ಅದು ಸುತ್ತಲಿನ ಹಲ್ಲಿಗಿಂತ ಎತ್ತರಕ್ಕೆ ಎದ್ದು ನಿಂತಂತೆ ಕಾಣುತ್ತಿದ್ದರೆ ಸಿಮೆಂಟ್ ಬೆಳೆದಿಲ್ಲ, ಹಲ್ಲು ಇಳಿದಿದೆ.

ಇವುಗಳಲ್ಲಿ ಯಾವುದು ಕಂಡರೂ ದಂತವೈದ್ಯರಲ್ಲಿಗೆ ಹೋಗಿ, ಸಾಧ್ಯವಿದ್ದರೆ ಮಕ್ಕಳ ದಂತ ವಿಭಾಗವಿರುವ ಡೆಂಟಲ್ ಕಾಲೇಜಿಗೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೂ ಹಲ್ಲು ನೋಡುತ್ತದೆ, ಅವರು ಬಂದ ದಿನ ಮಗುವನ್ನು ತಪ್ಪದೆ ಕಳಿಸಿ. ವೈದ್ಯರು ಬಾಯಿಯನ್ನು ಆರು ಭಾಗ ಮಾಡಿ ಪ್ರತಿ ಭಾಗಕ್ಕೆ ಸೊನ್ನೆಯಿಂದ ಮೂರು ಅಂಕ ಕೊಟ್ಟು ಸವೆತವನ್ನು ಅಳೆಯುವ ಪದ್ಧತಿಯೊಂದು 2008ರಿಂದ ಬಳಕೆಯಲ್ಲಿದೆ. ಸವೆತ ಕಡಿಮೆಯಿದ್ದರೆ ಫ್ಲೋರೈಡ್ ವಾರ್ನಿಷ್ ಹಚ್ಚಿ, ಕುಡಿಯುವ ಅಭ್ಯಾಸ ಬದಲಿಸಲು ಹೇಳಿ ಕಳಿಸುತ್ತಾರೆ. ಹೆಚ್ಚಿದ್ದರೆ ಮುಂದಿನ ಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್, ದವಡೆಯ ಹಾಲುಹಲ್ಲಿಗೆ ಸ್ಟೀಲ್ ಟೋಪಿ. ಹೋಗುವ ಮುನ್ನ ಮೂರು ನಾಲ್ಕು ದಿನ ಮಗು ಏನು ಕುಡಿಯಿತು, ಯಾವ ಹೊತ್ತಿಗೆ, ಎಷ್ಟು ಹೊತ್ತು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದು ಭಾನುವಾರವೂ ಅದರಲ್ಲಿ ಸೇರಿರಲಿ. ವೈದ್ಯರು ಮೊದಲು ಕೇಳುವುದು ಅದನ್ನೇ. ಟಾರ್ಚ್ ಹಿಡಿದಾಗ ಫೋಟೊ ತೆಗೆದಿಟ್ಟುಕೊಂಡು ಆರು ತಿಂಗಳ ಬಳಿಕ ಅದೇ ಕೋನದಲ್ಲಿ ಇನ್ನೊಂದು ತೆಗೆಯಿರಿ. ಸವೆತ ನಿಂತಿದೆಯೋ ಮುಂದುವರಿದಿದೆಯೋ ಎನ್ನುವುದು ಒಂದು ಫೋಟೊದಲ್ಲಿ ತಿಳಿಯುವುದಿಲ್ಲ, ಎರಡನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.